ಸೊಂಟಕ್ಕೆ ಹಾಕಿದ ಸಿಮೆಂಟು

ದೇವದುರ್ಗದಿಂದ ಮಾನ್ವಿಯವರೆಗೆ ಗೋಡೆ ಕಟ್ಟುವುದರಲ್ಲಿ ನನ್ನಂಥ ಗೌಂಡಿ ಇನ್ನೊಬ್ಬನಿರಲಿಲ್ಲ. ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಸೊಂಟದ ಕೀಲು ಸವೆದಾಗ ಹೈದರಾಬಾದಿನಲ್ಲಿ ಹೊಸ ಕೀಲನ್ನು ಸಿಮೆಂಟು ಹಾಕಿ ಕೂರಿಸಿದರು. ಎರಡನೇ ದಿನವೇ ಆ ಆಸ್ಪತ್ರೆಯಲ್ಲಿದ್ದ ನಮ್ಮ ರಾಯಚೂರು ಕಡೆಯ ಡಾಕ್ಟರು, "ಏಳ್ರಿ, ನಡೀರಿ" ಎಂದರು.

ನಾನು ಮಂಚ ಬಿಗಿಹಿಡಿದೆ. "ಸಾಹೇಬ್ರ, ಸಿಮೆಂಟಿಗೆ ಇಪ್ಪತ್ತೊಂದು ದಿನ ನೀರು ಹೊಡೀಬೇಕ್ರಿ. ಹಸೀ ಗ್ವಾಡಿ ಮ್ಯಾಲೆ ಭಾರ ಹಾಕಿದ್ರ ಕುಸೀತದ!"

"ಇದು ಹಾಕಿದ ಹತ್ತು ನಿಮಿಷಕ್ಕ ಗಟ್ಟಿ ಆಗೇದ. ಹಿಂಗ ಮಲಗಿದ್ರ ಮುಂದ ನಡಿಯಾಕ ಬರಂಗಿಲ್ಲ ನೋಡ್ರಿ."

ಹೆಂಡತಿ ನಕ್ಕಳು. "ಏಳ್ತೀರೋ, ಗೋಣಿಚೀಲ ತೋಯಿಸಿ ಹೊದಿಸ್ಲೋ?"

ಎದ್ದೆ. ಅದಕ್ಕೀಗ ಹತ್ತು ವರ್ಷ, ಕೀಲು ಅಲುಗಿಲ್ಲ. ನಾನು ಮಾನ್ವಿಯಲ್ಲಿ ಕಟ್ಟಿದ ನೀರಿನ ತೊಟ್ಟಿ ಮಾತ್ರ ಎರಡನೇ ವರ್ಷಕ್ಕೇ ಸೋರಿತು. ಆ ಮನೆಯವರು ಎದುರಾದಾಗ ಪಕ್ಕದ ಗಲ್ಲಿಗೆ ಓಡಲು ಡಾಕ್ಟರ ಸಿಮೆಂಟೇ ನನಗೆ ದಿಕ್ಕು.