ಬಣ್ಣ ಬದಲಿಸುವ ಬಟ್ಟೆ

ನನ್ನ ಪಿಎಚ್‌.ಡಿ. ಮೌಖಿಕ ಪರೀಕ್ಷೆಗೆ ಅವ್ವ ಬಾದನಹಟ್ಟಿಯಿಂದ ಬಳ್ಳಾರಿಗೆ ಬಂದಿದ್ದಳು. ಹೊಲದ ಕೂಲಿಯಲ್ಲೇ ನನ್ನನ್ನು ಓದಿಸಿದವಳು, ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು.

ನನ್ನ ಸಂಶೋಧನೆ ವಿದ್ಯುತ್ ಹರಿಸಬಲ್ಲ ಒಂದು ಪಾಲಿಮರ್ ಕುರಿತದ್ದು. ಅಮೋನಿಯಾ ಅನಿಲ ತಾಗಿದರೆ ಅದರ ಹಸಿರು ಬಣ್ಣ ನೀಲಿಗೆ ತಿರುಗುತ್ತದೆ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳಲ್ಲಿ ತಂಪಿಗೆಂದು ಬಳಸುವ ಆ ವಿಷಾನಿಲ ಸೋರಿದರೆ ಕಣ್ಣಿಗೇ ಕಾಣಲಿ ಎಂಬುದು ನನ್ನ ಆಸೆ. ಗಾಜಿನ ಮೇಲೆ ಅದರ ಪದರ ಒಣಗಿ ಸಿಪ್ಪೆಯಂತೆ ಏಳುತ್ತಿತ್ತು. ಅವ್ವನ ಹಳೆಯ ಹತ್ತಿ ಸೀರೆಯ ತುಂಡಿನ ಮೇಲೆ ಬೆಳೆಸಿದಾಗ ನೂಲಿಗೆ ಗಟ್ಟಿಯಾಗಿ ಅಂಟಿತು.

ಇದನ್ನು ಹೇಳುತ್ತಿದ್ದಂತೆ ಪರೀಕ್ಷಕರು, "ಆ ತಾಯಿ ಇಲ್ಲಿದ್ದಾರೆಯೇ?" ಎಂದರು.

ಅವ್ವ ಎದ್ದು ನಿಂತಳು. "ನಾನೇ ರೀ ಸರ. ಸೀರಿ ನಂದು, ಕೆಲಸ ಮಗಳದು."

ಪ್ರಯೋಗವನ್ನು ನೀವೇ ತೋರಿಸಿ ಎಂದು ಅವರು ಅವ್ವನನ್ನೇ ಮುಂದೆ ಕರೆದರು. ನಾನು ಅವಳಿಗೆ ಕೈಗವಸು ತೊಡಿಸಿ, ಇಕ್ಕಳದಲ್ಲಿ ಬಟ್ಟೆ ಹಿಡಿಸಿದೆ. ಅಮೋನಿಯಾ ಬಾಟಲಿಯ ಬಾಯಿಗೆ ಅವ್ವ ಅದನ್ನು ಒಡ್ಡಿದಳು. ನೋಡನೋಡುತ್ತಲೇ ಹಸಿರು ನೀಲಿಯಾಯಿತು.

"ಇದನ್ನ ಸ್ಟೋರೇಜಿನಾಗ ಹಾಕಿದ್ರ ಒಳಗ ದುಡಿಯೋ ಮಂದಿ ಜೀವ ಉಳೀತೈತೇನು?" ಎಂದು ನನ್ನನ್ನು ಕೇಳಿದಳು.

"ಬಣ್ಣ ಬದ್ಲಾಗಿದ್ದು ಕಂಡ ಕೂಡ್ಲೇ ಹೊರಗ ಓಡಿ ಬರಬಹುದವ್ವ."

ಅವಳು ಪರೀಕ್ಷಕರತ್ತ ತಿರುಗಿದಳು. "ಇನ್ನೇನು ಕೇಳ್ತೀರಿ ಸರ? ಪಾಸ್ ಮಾಡ್ರಿ."

ಅವರು ನಕ್ಕು, "ಮಾಡಿಯಾಯಿತಮ್ಮ" ಎಂದರು.

ಊರಿಗೆ ಮರಳುವಾಗ, ದಾರಿಯುದ್ದಕ್ಕೂ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅವ್ವ ನನ್ನ ಪಾಲಿಮರ್ ವಿವರಿಸುತ್ತಲೇ ಇದ್ದಳು. ನಾನು ಕಿಟಕಿಗೆ ಒರಗಿ, ಒಂದು ಮಾತೂ ತಪ್ಪಿಹೋಗದಂತೆ ಕೇಳಿಸಿಕೊಂಡೆ.