ಬಿರುಕಿನಲ್ಲಿದ್ದ ಅರಳಿ ಗಿಡ

ಒಡೆದದ್ದನ್ನು ನೋಡಿ, ರಿಪೇರಿಗೆ ನ್ಯಾಯವಾಗಿ ಎಷ್ಟು ಕೊಡಬಹುದು ಅಂತ ವಿಮಾ ಕಂಪನಿಗೆ ಹೇಳುವುದು ಆಗ ನನ್ನ ಕೆಲಸ. ಹಾಗೆ ಒಮ್ಮೆ ಚಾಮರಾಜಪೇಟೆಯ ಒಂದು ಮನೆಗೆ ಹೋದೆ. ನೀರಿನ ಟ್ಯಾಂಕರ್ ರಿವರ್ಸ್ ತೆಗೆಯುವಾಗ ಗುದ್ದಿ ಗೇಟಿನ ಕಂಬ ಮುರಿದಿತ್ತು. ಅದು ಸರಿ. ಆದರೆ ಮನೆಯ ಯಜಮಾನರು, ನಿವೃತ್ತ ಹೆಡ್‌ಮಾಸ್ಟರು, ನನ್ನನ್ನು ಕಾಂಪೌಂಡಿನ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿ ಅಲ್ಲಿನ ದೊಡ್ಡ ಬಿರುಕನ್ನೂ ತೋರಿಸಿದರು.

"ಇದೂ ಹೋದ ವಾರದ್ದೇ. ಟ್ಯಾಂಕರ್ ಗುದ್ದಿದ ರಭಸಕ್ಕೆ ಬಂದಿದ್ದು. ಪೂರ್ತಿ ಗೋಡೆ ಕೆಡವಿಸಿ ಕಟ್ಟಿಸ್ಬೇಕು."

ಬಿರುಕಿನಿಂದ ತೋಳುದ್ದದ ಅರಳಿ ಗಿಡ ಹೊರಗೆ ಬಂದಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ತಂಬಿಗೆ ಹಿಡಿದು ಬಂದು, ಗಿಡಕ್ಕೆ ನೀರು ಹಾಕಿ, ಕುಂಕುಮ ಇಟ್ಟು ಕೈಮುಗಿದರು.

"ದಿನಾ ಪೂಜೆ ಮಾಡ್ತೀರಾಮ್ಮಾ?" ಅಂದೆ.

"ಮಗಳ ಮದುವೆ ವರ್ಷ ಹುಟ್ಟಿದ ಗಿಡ ಇದು. ಈಗ ಮೊಮ್ಮಗ ಸ್ಕೂಲಿಗೆ ಹೋಗ್ತಾನೆ," ಅಂತ ಹೇಳಿ ಆಕೆ ಒಳಗೆ ಹೋದರು.

ಹೆಡ್‌ಮಾಸ್ಟರು ಪಕ್ಕದ ಮನೆಯ ತೆಂಗಿನ ಮರ ನೋಡುತ್ತಾ ನಿಂತರು.

"ಸಾರ್, ಆಗಲೇ ಗಿಡ ಕಿತ್ತು ಒಂದಿಷ್ಟು ಸಿಮೆಂಟ್ ಮೆತ್ತಿದ್ರೆ ಆಗ್ತಿತ್ತಲ್ಲ?"

ಅವರು ದನಿ ತಗ್ಗಿಸಿದರು. "ಅರಳಿ ಗಿಡ ಕೀಳೋಕಾಗುತ್ತೇನ್ರೀ? ಪಾಪ ಸುತ್ಕೊಳ್ಳುತ್ತೆ. ನಿಮ್ಮ ಕಂಪನಿ ದುಡ್ಡಲ್ಲಿ ಗೋಡೆ ಕೆಡವಿಸಿದ್ರೆ ಪಾಪಾನೂ ಕಂಪನಿಗೇ ಹೋಗುತ್ತೆ ಅಂದ್ಕೊಂಡೆ."

ಗೇಟಿನ ಕಂಬಕ್ಕೆ ಮಾತ್ರ ಶಿಫಾರಸು ಬರೆದೆ. ಪಾಲಿಸಿಯಲ್ಲಿ ಬೆಂಕಿ, ಪ್ರವಾಹ, ವಾಹನದ ಡಿಕ್ಕಿ ಎಲ್ಲಾ ಇತ್ತು, ಪಾಪ ಇರಲಿಲ್ಲ. ಆದರೂ ಹೊರಡುವಾಗ, ಯಾವುದಕ್ಕೂ ಇರಲಿ ಅಂತ, ಕಂಪನಿಯ ಪರವಾಗಿ ಗಿಡಕ್ಕೊಂದು ನಮಸ್ಕಾರ ಹಾಕಿ ಬಂದೆ.