ಗಾಜಿನೊಳಗಿನ ಕಾವಲುಗಾರ

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಅವರು ಸೇಡಂನ ನಮ್ಮ ಶಾಲೆಯ ಇತಿಹಾಸದ ಮಾಸ್ತರರು. ನಾನು ಆಗಷ್ಟೇ ಸೇರಿದ್ದ ಪಿ.ಟಿ. ಮಾಸ್ತರ. ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಅಣಕಿಸಿ ನಗಿಸುವುದರಲ್ಲೇ ನನಗೆ ಹೆಚ್ಚು ಹೆಸರು. ಒಮ್ಮೆ ಆ ಅರೆಗಣ್ಣನ್ನೂ ಮಾಡಿ ತೋರಿಸುತ್ತಿದ್ದಾಗ ಅವರೇ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. "ಕಣ್ಣು ಛಂದ ಮುಚ್ಚತೀಯಪಾ. ರವಿವಾರ ಮಳಖೇಡಕ್ಕ ಬಾ," ಎಂದರು.

ಅಲ್ಲಿಯ ಕೋಟೆಯಲ್ಲಿ ಒಂದು ಬಾಗಿಲಿನ ಮೇಲ್ಭಾಗ ಬಿದ್ದುಹೋಗಿತ್ತು. ಅದರೆದುರು ಸುಣ್ಣದ ಗುರುತು ಹಾಕಿದ ಒಂದು ಕಲ್ಲು. ಅದರ ಮುಂದೆ ಅವರು ಕೋಲುಗಳನ್ನು ನೆಟ್ಟು ದೊಡ್ಡದೊಂದು ಗಾಜು ನಿಲ್ಲಿಸಿದರು. ಗಾಜಿನ ಮೇಲೆ ಅವರೇ ಬರೆದ ಕಮಾನು, ಬುರುಜು, ಒಂದು ಸಣ್ಣ ಕಿಂಡಿ, ಕೆಳಗೆಲ್ಲ ಖಾಲಿ. ಕಲ್ಲಿನ ಮೇಲೆ ನಿಂತು ಒಂದೇ ಕಣ್ಣಿನಿಂದ ನೋಡಿದೆ. ಬಣ್ಣದ ಗೆರೆಗಳು ಹೋಗಿ ಮುರಿದ ಗೋಡೆಯ ಮೇಲೆ ಕೂತವು. ಬಾಗಿಲು ಇಡಿಯಾಗಿ ಎದ್ದು ನಿಂತಿತು. ಮಟಮಟ ಮಧ್ಯಾಹ್ನದಲ್ಲಿ ನನ್ನ ಮೈ ತಣ್ಣಗಾಯಿತು. ಅರ್ಧ ಹೆಜ್ಜೆ ಸರಿದರೆ ಮತ್ತೆ ಅದೇ ಹಾಳು.

ಪ್ರತಿ ವರ್ಷ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೂ ಅವರಿಗೆ ಬಾಗಿಲಿನದೇ ಚಿಂತೆ. "ನಾ ಹೋದ ಮ್ಯಾಲ ಇದನ್ನ ಯಾರು ಕಾಯ್ತಾರ?" ಎನ್ನುತ್ತಿದ್ದರು.

ಆ ಮಾತಿಗೆ ನನ್ನ ಕೈ ತುರಿಸಿತು. ಒಮ್ಮೆ ಅವರು ಹೊಳೆಯ ಕಡೆ ಹೋದಾಗ, ಅವರದೇ ಬಣ್ಣದಿಂದ ಗಾಜಿನ ಕಿಂಡಿಯಲ್ಲಿ ಅರೆಗಣ್ಣಿನ ಕಾವಲುಗಾರನೊಬ್ಬನನ್ನು ಬರೆದುಬಿಟ್ಟೆ. ರುಮಾಲು ಸುತ್ತಿದ ಬದನೆಕಾಯಿಯ ಹಾಗಿದ್ದ. ಅವರು ಬಂದು ಬಹಳ ಹೊತ್ತು ನೋಡಿದರು.

"ಮ್ಯಾಲ ಯಾರೋ ನಿಂತಾರಲ್ಲೊ. ನನ್ನೇ ನೋಡಲಿಕತ್ತಾರ."

"ಯಾರೂ ಇಲ್ರಿ ಸರ್," ಎಂದೆ.

ಅಂದಿನಿಂದ ಅವರು ಕೋಟೆಗೆ ಬಂದೊಡನೆ, ಗಾಜನ್ನು ನಿಲ್ಲಿಸುವ ಮೊದಲೇ, ಮುರಿದ ಗೋಡೆಯ ಮೇಲಿನ ಬರಿ ಬಯಲಿಗೆ ಕೈ ಎತ್ತಿ ನಮಸ್ಕಾರ ಮಾಡತೊಡಗಿದರು. ಅದನ್ನು ಅಣಕಿಸುವ ಧೈರ್ಯ ನನಗೆ ಬರಲಿಲ್ಲ. ನಿಜ ಹೇಳುವ ಧೈರ್ಯವೂ.

ಅವರು ತೀರಿಕೊಂಡ ಮೇಲೆ ಮನೆಯವರು ಗಾಜನ್ನು ನನಗೆ ಕೊಟ್ಟರು. ಮಾಡಿದ ತಪ್ಪು ಅಳಿಸೋಣವೆಂದು ಅದೇ ಕಲ್ಲಿನ ಮುಂದೆ ನಿಲ್ಲಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ನನ್ನ ಕಾವಲುಗಾರನನ್ನು ಒರೆಸಿದೆ. ಬಣ್ಣವೆಲ್ಲ ಬಟ್ಟೆಗೆ ಬಂತು. ಕಿಂಡಿಯಲ್ಲಿ ಮನುಷ್ಯ ಹಾಗೆಯೇ ಇದ್ದ. ಮತ್ತೆ ಒರೆಸಿದೆ. ನಿಂತೇ ಇದ್ದ, ಈಗ ಎರಡೂ ಕಣ್ಣು ಬಿಟ್ಟುಕೊಂಡು.

ಗಾಜಿನ ಹಿಂದಕ್ಕೆ ಹೋದೆ. ಆ ಬದಿಯಲ್ಲಿ, ನನ್ನ ಬದನೆಕಾಯಿಯ ಬೆನ್ನಿಗೆ ಸರಿಯಾಗಿ, ಅವರೂ ಒಬ್ಬ ಕಾವಲುಗಾರನನ್ನು ಬರೆದಿಟ್ಟಿದ್ದರು. ಗೆರೆಗಳು ತಡವರಿಸಿದ್ದವು. ಕೊರಳಲ್ಲಿ ಪಿ.ಟಿ. ಸೀಟಿ. ಅಣಕಿಸುವ ಸೊಟ್ಟ ಬಾಯಿ. ನಾನೇ.

ಈಗ ಮಕ್ಕಳನ್ನು ಆ ಕಲ್ಲಿನ ಮೇಲೆ ನಾನು ನಿಲ್ಲಿಸುತ್ತೇನೆ. ನನ್ನ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿರುತ್ತದೆ. ಮೇಲೆ ಯಾರೋ ಇದ್ದಾರಲ್ಲ ಎಂದು ಮಕ್ಕಳು ಕೇಳಿದರೆ, "ಕೈ ಎತ್ತಿ ನಮಸ್ಕಾರ ಮಾಡ್ರಿ," ಎನ್ನುತ್ತೇನೆ.